ಮಲಕಾಜಪ್ಪನ ಎದುರಿಗೆ ಕೆಡದ ಕಾರು

ಬೈಲಹೊಂಗಲದ ಮಿಸ್ತ್ರಿ ಮಲಕಾಜಪ್ಪನ ಪ್ರಕಾರ ಲೋಕದಲ್ಲಿ ಕೆಟ್ಟ ಎಂಜಿನ್ನುಗಳಿಲ್ಲ, ಕೆಟ್ಟ ಮಾಲೀಕರಿದ್ದಾರೆ. ನಡುದಾರಿಯಲ್ಲಿ ಗಕ್ಕನೆ ನಿಂತು ಅರ್ಧ ತಾಸು ಮೌನವ್ರತ ಹಿಡಿಯುವ ಅನ್ನಪೂರ್ಣಾ ಟೀಚರ್ ಕಾರು ಅವನ ಗ್ಯಾರೇಜಿನಲ್ಲಿ ಕೀಲಿ ತಿರುವಿದ ಕೂಡಲೇ ಚಾಲೂ ಆಗುತ್ತದೆ. "ನೋಡ್ರಿ, ನನ್ನ ಕಂಡ್ರ ಹೆಂಗ ಅಂಜತೈತಿ!" ಎಂದು ಮೀಸೆ ತಿರುವುತ್ತಾನೆ. ಅದಕ್ಕೆ ಹೊಸ ಪ್ಲಗ್ಗು, ಫಿಲ್ಟರು, ಪೆಟ್ರೋಲ್ ಪಂಪು, ಕೊನೆಗೆ ಬ್ಯಾಟರಿಯನ್ನೂ ಹಾಕಿದ; ಬಿಡಿಭಾಗ ಬದಲಾದವು, ಬಡಾಯಿ ಬದಲಾಗಲಿಲ್ಲ. ಪೆಟ್ರೋಲು ಸರಿಯಿಲ್ಲ, ನೇಸರಗಿಯ ರಸ್ತೆ ಸರಿಯಿಲ್ಲ, ಕ್ಲಚ್ಚಿನ ಮೇಲೆ ಟೀಚರ್ ಇಡುವ ಕಾಲೇ ಸರಿಯಿಲ್ಲ. "ಹಿಂದಿನ ಮಿಸ್ತ್ರಿ ಯಾರ್ರಿ? ಪೂರಾ ಹಾಳ ಮಾಡ್ಯಾನ!" ಎಂದು ಬಾನೆಟ್ಟಿನೊಳಗಿಂದಲೇ ಗುಡುಗಿದ. "ನೀವ ಅಲ್ಲೇನ್ರಿ, ಮಲಕಾಜಪ್ಪಾ!" ಎಂದರು ಟೀಚರ್. ಅವನು ಕೇಳಿಸದವನಂತೆ ನಟ್ಟು ಬಿಚ್ಚುವ ಪಾನೆ ಹುಡುಕಿದ. ಟೀಚರ್‌ಗೆ ನಗು ಬರುವಂತಿರಲಿಲ್ಲ. ಗಂಡನಿಗೆ ವಾರಕ್ಕೆರಡು ಸಲ ಬೆಳಗಾವಿಯಲ್ಲಿ ಡಯಾಲಿಸಿಸ್. ನೇಸರಗಿ ದಾಟಿದ ಮೇಲೆ ಕಾರು ಆಗಲೇ ಎರಡು ಸಲ ನಿಂತು, ಒಮ್ಮೆ ಸರದಿಯೇ ತಪ್ಪಿಹೋಗಿತ್ತು. ಮರುದಿನ ಅವರು ಗಂಡನನ್ನು ಕೂರಿಸಿಕೊಂಡು ಹೊರಟಾಗ ಕನ್ನಡಿಯಲ್ಲಿ ಮಲಕಾಜಪ್ಪ ಕಂಡ. ಗ್ಯಾರೇಜಿಗೆ ಬೀಗ ಜಡಿದು, ಹಳೇ ಬೈಕಿನ ಮೇಲೆ, ಅವರದೇ ಕಾರಿನ ಧೂಳು ಕುಡಿಯುತ್ತ ಬರುತ್ತಿದ್ದ. ಕಾರು ನಿಲ್ಲಿಸಿ ಯಾಕೆಂದು ಕೇಳಿದರೆ, ತಲೆ ತಗ್ಗಿಸಿ ಹೇಳಿದ: "ಎಂಜಿನ್ ಯಾಕ ಬಂದ್ ಬೀಳತೈತಿ ಅಂತ ನನಗ ತಿಳೀವಲ್ದ್ರಿ, ಅಕ್ಕಾರ. ದಾರ್ಯಾಗ ಬಂದ್ ಬಿದ್ರ ಯಜಮಾನ್ರನ್ನ ಈ ಗಾಡಿ ಮ್ಯಾಲ ಕುಂಡ್ರಿಸ್ಕೊಂಡು ದವಾಖಾನಿ ಮುಟ್ಟಸ್ತೇನಿ. ನೀವು ನಡೀರಿ."