ಬಿಗಿದುಕೊಂಡ ಮುಚ್ಚಳ

ಗಂಜಿಯಾಗಲಿ ಸಾರಾಗಲಿ, ಕುದಿ ಇಳಿಯುವ ಮೊದಲೇ ಡಬ್ಬಿಗೆ ಸುರಿದು, ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚುವುದು ನಮ್ಮ ಮನೆಯ ಹೆಂಗಸರ ಚಾಳಿ. ಬಿಸಿ ಆರಬಾರದು ಎಂಬುದೊಂದೇ ಚಿಂತೆ. ಹಾಗೆ ಮುಚ್ಚಿದ ಡಬ್ಬಿ ತಣ್ಣಗಾದ ಮೇಲೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ನಾನು ಮಂಡ್ಯದ ವಿಜ್ಞಾನದ ಮೇಷ್ಟರ ಮಗಳು. ಕಾರಣ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಗುದ್ದುತ್ತೇನೆ. ವಿಜ್ಞಾನ ಇರುವುದು ತಲೆಯಲ್ಲಿ, ಮುಚ್ಚಳ ಹಾಕುವುದು ಕೈ.

ಮುಚ್ಚಿದ ಪಾತ್ರೆಯಲ್ಲಿ ಗಾಳಿ ಕಾದರೆ ಒತ್ತಡ ಏರುತ್ತದೆ, ಆರಿದರೆ ಇಳಿಯುತ್ತದೆ. ಇದರ ಮೊದಲ ಅರ್ಧವನ್ನು ಚೆನ್ನೈನ ಮೇ ತಿಂಗಳು ಎಂಥವರಿಗೂ ಕಲಿಸುತ್ತದೆ. ಗಟ್ಟಿಯಾಗಿ ಗಾಳಿ ಹೊಡೆಸಿ ತ್ರಿಪ್ಲಿಕೇನಿನ ಬಿಸಿಲಿನಲ್ಲಿ ನಿಲ್ಲಿಸಿದ ನನ್ನ ಸೈಕಲ್ಲು ಒಮ್ಮೆ ಬೀದಿಗೆಲ್ಲ ಕೇಳುವಂತೆ ಆ ಪಾಠ ಒಪ್ಪಿಸಿತ್ತು. ಉಳಿದರ್ಧ ನನಗೆ ಮನವರಿಕೆಯಾದದ್ದು ಆಸ್ಪತ್ರೆಯಲ್ಲಿ.

ಮದ್ರಾಸು ಚೆನ್ನೈ ಆಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹೃದಯದ ಆಪರೇಷನ್ನಿಗೆಂದು ಅಪ್ಪನನ್ನು ಇಲ್ಲಿಗೆ ಕರೆಸಿಕೊಂಡಿದ್ದೆ. ಆಪರೇಷನ್ ಚೆನ್ನಾಗಿಯೇ ಆಯಿತು, ಅಪ್ಪ ಮಾತ್ರ ಊಟ ಬಿಟ್ಟರು. ಚಮಚ ಬಾಯಿಯ ಹತ್ತಿರ ಹೋದರೆ "ಸಾಕು" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಮರುದಿನವೂ ತಿನ್ನದಿದ್ದರೆ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ನನಗೆ ನಿಜಕ್ಕೂ ಭಯವಾಯಿತು. ನಳಿಗೆಗಿಂತ ಆ "ಸಾಕು" ಎಂಬ ಮಾತಿಗೆ ಹೆಚ್ಚು ಹೆದರಿದ್ದೆ.

ಬೆಳಿಗ್ಗೆ ಗಂಜಿ ಕಾಯಿಸಿ, ಇಲ್ಲಿಯವರು ಎವರ್‌ಸಿಲ್ವರ್ ಎನ್ನುವ ಸ್ಟೀಲ್ ಡಬ್ಬಿಗೆ ಸುರಿದು, ಅಭ್ಯಾಸದಂತೆ ಗುದ್ದಿ ಮುಚ್ಚಿ ಬಸ್ಸು ಹತ್ತಿದೆ. ಬಸ್ಸು ತಡವಾಯಿತು, ವಾರ್ಡಿನಲ್ಲಿ ಏಸಿ ಬೇರೆ. ಮುಚ್ಚಳ ಅಲ್ಲಾಡಲಿಲ್ಲ. ಸೆರಗು ಸುತ್ತಿ ತಿರುಗಿಸಿದೆ, ಮಂಚದ ಕಂಬಿಗೆ ಕುಟ್ಟಿದೆ. ಪಕ್ಕದ ಹಾಸಿಗೆಯಲ್ಲಿದ್ದವರ ಹೆಂಡತಿ, ಕಾಸಿಮೇಡಿನ ಮೀನಿನ ವ್ಯಾಪಾರಿ, "ಕುಡಮ್ಮಾ, ನಾನ್ ತೊರಕ್ಕರೇನ್" ಎಂದು, ತಾನು ತೆರೆದುಕೊಡುವುದಾಗಿ ತಮಿಳಿನಲ್ಲಿ ಹೇಳಿ, ಡಬ್ಬಿ ಕಿತ್ತುಕೊಂಡು ತೊಡೆಗಳ ನಡುವೆ ಅದುಮಿ ಎಳೆದರು. ಅವರಿಗೂ ಬಗ್ಗಲಿಲ್ಲ. ನನಗೆ ಅಳು ಬಂತು.

"ಎಳೀಬೇಡ ಕಣಮ್ಮ. ಬಿಸಿ ನೀರಲ್ಲಿ ಇಡು."

ಅಪ್ಪ ನಮ್ಮ ಕಡೆ ತಿರುಗಿದ್ದರು. ನರ್ಸಮ್ಮ ಬೇಸಿನ್ನಿನಲ್ಲಿ ಬಿಸಿ ನೀರು ತಂದುಕೊಟ್ಟರು. ಡಬ್ಬಿಯನ್ನು ಅದರಲ್ಲಿ ಕೂರಿಸುತ್ತಿದ್ದಂತೆ ಮೇಷ್ಟರ ಪ್ರಶ್ನೆ ಬಂತು.

"ಯಾಕೆ ಕಚ್ಕೊಂಡಿದೆ, ಹೇಳು ನೋಡೋಣ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸರಿಯಾಗಿ ಹೇಳಿದ್ದರೆ ಅವರು "ಹೂಂ" ಎಂದು ಮತ್ತೆ ಗೋಡೆ ನೋಡುತ್ತಿದ್ದರು.

"ಗಂಜಿ ಅಂಟ್ಕೊಂಡಿರ್ಬೇಕಪ್ಪ," ಎಂದೆ.

"ದಡ್ಡಿ. ಒಳಗಿನ ಗಾಳಿ, ಹಬೆ ಎರಡೂ ಆರಿ ಒತ್ತಡ ಇಳ್ದಿದೆ. ಹೊರಗಿನ ಗಾಳಿ ಮುಚ್ಚಳದ ಮೇಲೆ ಕೂತಿದೆ. ಒಳಗೆ ಕಾಯ್ಲಿ, ತಾನೇ ಬಿಡುತ್ತೆ."

ಟಪ್ ಎಂದು ಸದ್ದಾಯಿತು, ಮುಚ್ಚಳ ಬಿಟ್ಟುಕೊಂಡಿತು. ನಾನು ಇನ್ನೊಂದು ಪೆದ್ದು ಪ್ರಶ್ನೆ ಕೇಳಿದೆ. ಅವರು ಬೈಯಲು ಬಾಯಿ ತೆರೆದಾಗ ಒಂದು ಚಮಚ ಒಳಗಿಟ್ಟೆ. ನುಂಗಿಕೊಂಡು ಬೈದರು. ಹೀಗೆಯೇ ಅರ್ಧ ಡಬ್ಬಿ ಖಾಲಿಯಾಯಿತು. ಒಂದು ಅಕ್ಷರವೂ ಅರ್ಥವಾಗದಿದ್ದರೂ ಕಾಸಿಮೇಡಿನ ಅಮ್ಮ ಪಾಠಕ್ಕೆ ಕೊನೆಯವರೆಗೂ ತಲೆಯಾಡಿಸಿದರು.

ಬಾಯಿ ಒರೆಸುವಾಗ ಅಪ್ಪ ನನ್ನನ್ನೇ ನೋಡಿದರು.

"ಹತ್ತನೇ ಕ್ಲಾಸಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ನಾನೇ ಕೊಟ್ಟಿದ್ದೆ ನಿಂಗೆ."

ಸಿಕ್ಕಿಬಿದ್ದ ನಾನು ತಲೆ ತಗ್ಗಿಸಿದೆ. ಅವರು ಹೊದಿಕೆ ಎಳೆದುಕೊಂಡು ಕಣ್ಣು ಮುಚ್ಚಿದರು.

"ನಾಳೆ ಬೇರೆ ಏನಾದ್ರೂ ತಪ್ಪು ಹೇಳು," ಎಂದರು.