ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು ಗಂಟು

ಮಾನ್ಯ ವಾಚಕ ಮಹಾಶಯರೇ, ರತ್ನಗಂಬಳಿಯ ಹೂವುಗಳಿಗೆ ಮನಸೋಲುವ ಮುನ್ನ, ಅವುಗಳ ಅಡಿಯಲ್ಲಿ ಅಡಗಿರುವ ಬಿಳಿ ಎಳೆಗಳತ್ತ ತಮ್ಮ ಕೃಪಾದೃಷ್ಟಿ ಹರಿಯಲೆಂದು ವಿನಂತಿ.

ಖೀವಾ ಪಟ್ಟಣದ ಕೋಟೆಗೋಡೆಯ ಒಳಗಿನ ಕಂಬಳಿ ಕಾರ್ಖಾನೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಐವತ್ತೆಂಟರ ಅನಾಬೀಬಿ ಮಗ್ಗಕ್ಕೆ ಹಾಸು, ಅಂದರೆ ಉದ್ದನೆಯ ಬಿಳಿ ರೇಷ್ಮೆ ಎಳೆಗಳನ್ನು, ಕಟ್ಟುತ್ತಿದ್ದಾರೆ. ಬಿಸಿಲೇರಿದರೆ ರೇಷ್ಮೆ ಒಣಗಿ ಕಡಿಯುತ್ತದೆ; ಹೀಗಾಗಿ ನೇಯುವವರು ಬರುವಷ್ಟರಲ್ಲಿ ಅನಾಬೀಬಿಯ ಕೆಲಸ ಮುಗಿದಿರುತ್ತದೆ. ಮೂವತ್ತನಾಲ್ಕು ವರ್ಷಗಳಿಂದ ಇದೇ ದಿನಚರಿ. ಕಂಬಳಿಯ ಅಂಚಿನಲ್ಲಿ ನೇಯ್ದವರ ಹೆಸರಿರುತ್ತದೆ, ಹಾಸು ಕಟ್ಟಿದವರದ್ದಲ್ಲ.

ಅಡ್ಡಕ್ಕೆ ಏಳುನೂರ ಇಪ್ಪತ್ತು ಗಂಟು, ಉದ್ದಕ್ಕೆ ಸಾವಿರದ ಒಂದು ಸಾಲು. ಗುಣಿಸಿದರೆ ಬರುವ 7,20,720 ಇಲ್ಲಿನ ಹಳೆಯ ಲೆಕ್ಕ. ಬಣ್ಣದ ರೇಷ್ಮೆಯನ್ನು ತೂಗಿಡುವುದೂ ಅಷ್ಟಕ್ಕೇ.

"ಒಂದರಿಂದ ಹದಿನಾರರವರೆಗೆ ಯಾವುದ್ರಿಂದ ಬೇಕಾದ್ರೂ ಭಾಗಿಸಿ, ಶೇಷ ಉಳಿಯಲ್ಲ. ಇದಕ್ಕಿಂತ ಚಿಕ್ಕದು ಯಾವುದೂ ಹಾಗಿಲ್ಲ," ಎನ್ನುವ ಅನಾಬೀಬಿ ಓದಿದ್ದು ಎಂಟನೆಯ ತರಗತಿ. "ಚಳಿಗಾಲ ಪೂರ್ತಿ ಜರ್ದಾಳು ಹಣ್ಣಿನ ಬೀಜ ಸಾಲಿಟ್ಟು ಕಂಡ್ಕೊಂಡೆ. ನನ್ನ ಗಂಡ ಅರ್ಧ ಲೆಕ್ಕ ಒಡೆದು ತಿಂದ!"

ಇಂದು ಅರ್ಧ ಹಾಸು ಕಟ್ಟಿದ ಕೈ ನಿಂತುಬಿಟ್ಟಿದೆ. ಮೇಲ್ವಿಚಾರಕ ಯಾದ್ಗಾರ್ ಹೊಸ ಮಾದರಿ ತಂದಿದ್ದಾನೆ: ಹೂವೊಂದು ಹದಿನಾಲ್ಕು ಗಂಟು ಅಗಲ, ಹದಿನೈದು ಸಾಲು ಎತ್ತರ. ಒಟ್ಟು ಗಂಟುಗಳನ್ನು ಭಾಗಿಸಿ, 3,432 ಹೂವು ಸರಿಯಾಗಿ ಬರುತ್ತವೆಂದು ಅಪ್ಪಣೆ ಕೊಟ್ಟಿದ್ದಾನೆ.

"ಏನ್ ಆಪಾ, ನಿಂತ್ಕೊಂಡೇ ನಿದ್ದೆನಾ?" ಎಂದು, ಅಕ್ಕ ಎಂದು ಕರೆಯುತ್ತಲೇ, ಯಾದ್ಗಾರ್ ಕೆಣಕುತ್ತಾನೆ.

"ಅಡ್ಡಕ್ಕೆ ಐವತ್ತೊಂದು ಹೂವಾದ್ಮೇಲೆ ಆರು ಗಂಟು ಉಳಿಯುತ್ತೆ, ಉಸ್ತಾದ್. ಅಂಚಲ್ಲಿ ಹೂವಿನ ಕತ್ತು ಕೊಯ್ತೀರಾ?"

"ಒಟ್ಟು ಗಂಟಿಗೆ ಭಾಗ ಹೋಗುತ್ತಲ್ಲ!"

"ಹೋಗುತ್ತೆ. ಆದ್ರೆ ಹದಿನಾಲ್ಕು ಅಂದ್ರೆ ಎರಡು ಸಲ ಏಳು. ಎರಡು ಇರೋದು ಅಡ್ಡದಲ್ಲಿ, ಏಳು ಇರೋದು ಉದ್ದದಲ್ಲಿ. ಗಂಡ ಒಂದೂರು, ಹೆಂಡತಿ ಒಂದೂರು. ಮಗು ಎಲ್ಲಿಂದ ಬರಬೇಕು?"

ನೇಯಲು ಬಂದ ಹೆಂಗಸರಿಬ್ಬರು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಳ್ಳುತ್ತಾರೆ. ನಗುವ ಮಾತಲ್ಲ; ಕಂಬಳಿ ಕೆಟ್ಟರೆ ಹಾಳಾಗುವುದು ಅವರಿಬ್ಬರ ಇಡೀ ವರ್ಷ. ಯಾದ್ಗಾರ್‌ಗೆ ಸಿಟ್ಟೇರುತ್ತದೆ.

"ಅಳತೆ ಬದಲಾಯಿಸಿ. ಆದ್ರೆ ಬಣ್ಣದ ರೇಷ್ಮೆ ತೂಗಿಟ್ಟಾಗಿದೆ. ಒಂದು ಗಂಟು ಹೆಚ್ಚಾದ್ರೂ ನಾಳೆಯಿಂದ ನೀವು ಮನೇಲಿರಿ."

ಅನಾಬೀಬಿ ಮಗ್ಗದ ಮರದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. "ಉದ್ದದಲ್ಲಿದ್ದ ಏಳನ್ನೂ ಹದಿಮೂರನ್ನೂ ಅಡ್ಡಕ್ಕೆ ಕರ್ಕೊಂಡ್ ಬಂದೆ. ಅಡ್ಡದಲ್ಲಿದ್ದ ತೊಂಬತ್ತನ್ನ ಉದ್ದಕ್ಕೆ ಅಟ್ಟಿದೆ. ಈಗ ಅಡ್ಡಕ್ಕೆ ಏಳುನೂರ ಇಪ್ಪತ್ತೆಂಟು, ಉದ್ದಕ್ಕೆ ಒಂಬೈನೂರ ತೊಂಬತ್ತು. ಗುಣಿಸಿ ನೋಡಿ."

ಯಾದ್ಗಾರ್ ಮೊಬೈಲಿನಲ್ಲಿ ಗುಣಿಸುತ್ತಾನೆ. ನಂಬದೆ ಇನ್ನೊಮ್ಮೆ ಗುಣಿಸುತ್ತಾನೆ. ಅದೇ 7,20,720. ಅಡ್ಡಕ್ಕೆ ಐವತ್ತೆರಡು ಹೂವು, ಉದ್ದಕ್ಕೆ ಅರವತ್ತಾರು, ಒಂದೂ ತುಂಡಾಗುವುದಿಲ್ಲ.

"ಅಡ್ಡಕ್ಕೆ ಎಂಟು ಗಂಟು ಜಾಸ್ತಿ; ಗಂಟಿಗೆ ಎರಡರಂತೆ ಬಿಳಿ ಎಳೆ ಇನ್ನೂ ಹದಿನಾರು ಬೇಕಲ್ಲ? ತಂದ್ಕೊಡ್ತೀನಿ," ಎಂದು ತಾನೇ ಉಗ್ರಾಣದತ್ತ ನಡೆಯುತ್ತಾನೆ. ನೇಯುವ ಹೆಂಗಸರು ಅನಾಬೀಬಿಯ ಬಟ್ಟಲಿಗೆ ಚಹಾ ಬಗ್ಗಿಸುತ್ತಾರೆ.

ವರದಿಗೆಂದು ಬಂದ ನನಗೆ ಊರ್ಗೆಂಚಿನ ಬಸ್ಸಿಗೆ ಹೊತ್ತಾಗಿದೆ. ಪುಸ್ತಕ, ಪೆನ್ನು ಚೀಲ ಸೇರುವಾಗ ಆಕೆ ಹೇಳುತ್ತಾರೆ: "ಹದಿನೇಳಕ್ಕೆ ಬಂದ್ರೆ ಈ ಲೆಕ್ಕ ಬಗ್ಗಲ್ಲ, ಐದು ಉಳಿಸುತ್ತೆ. ಸಾಯೋದ್ರೊಳಗೆ ಹದಿನೇಳಕ್ಕೂ ಒಗ್ಗೋ ಹಾಸು ಒಂದು ಕಟ್ಟಬೇಕು. ಒಂದು ಕೋಟಿ ಇಪ್ಪತ್ತೆರಡು ಲಕ್ಷ ಗಂಟು ದಾಟುತ್ತೆ. ಈ ಗೋಡೆ ಕೆಡವಬೇಕಾಗುತ್ತೆ, ಅಷ್ಟೇ."

ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ತಿರುಗಿ ನೋಡಿದರೆ, ಅನಾಬೀಬಿ ಆ ಗೋಡೆಯನ್ನು ಗೇಣು ಹಾಕಿ ಅಳೆಯುತ್ತಿದ್ದಾರೆ.