ನಮ್ಮೂರು ಇಂಗ್ಲೆಂಡಾದ ವಾರ

ಮಳೆಗಾಲ, ಚಳಿಗಾಲ, ಬೇಸಿಗೆಕಾಲ ಎಂದು ಶಾಲೆಯ ಪುಸ್ತಕ ಮೂರೇ ಕಾಲಗಳನ್ನು ಲೆಕ್ಕ ಹಾಕಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮೂರಿಗೆ, ಪುಸ್ತಕ ಬರೆದವರಿಗೆ ಗೊತ್ತಿಲ್ಲದ ಇನ್ನೊಂದು ಕಾಲ ಬಂತು. ಅದು ಬಸ್ಸಿನ ಕಾಲ.

ಊರೆಂದರೆ ದೊಡ್ಡ ಊರೇನಲ್ಲ. ಹರಪನಹಳ್ಳಿಯಿಂದ ತೆಲಿಗಿಗೆ ಹೋಗುವ ರಸ್ತೆಯ ಕ್ರಾಸಿನಲ್ಲಿ ಇಳಿದು, ಎರಡೂ ಬದಿ ಜೋಳ ನಿಂತ ಕೆಮ್ಮಣ್ಣಿನ ದಾರಿ ಹಿಡಿದು, ಒಂದು ಗಳ ಕಬ್ಬು ತಿಂದು ಮುಗಿಸುವಷ್ಟು ದೂರ ನಡೆದರೆ ಬೋಳುಗುಡ್ಡದ ಬುಡದಲ್ಲಿ ಸಿಗುತ್ತಿತ್ತು. ಗುಡ್ಡದ ಮೇಲೆ ಬಂಡೆಗಳು, ಯಾರೋ ಮನೆ ಕಟ್ಟಲೆಂದು ತಂದಿಟ್ಟು ಆಮೇಲೆ ಮನಸ್ಸು ಬದಲಿಸಿದಂತೆ ಕೂತಿದ್ದವು. ಕೆಳಗೆ ದನಗಳಿಗೆ ನೀರು ಕುಡಿಸುವ ಗೋಕಟ್ಟೆ. ಅದರ ದಂಡೆಗೆ ಬೇವಿನ ಮರ, ಮರದ ಕೆಳಗೆ ಹನುಮಪ್ಪನ ಗುಡಿಯ ಕಟ್ಟೆ. ಆ ಕಟ್ಟೆಯ ಮೇಲೆ ನಾವು ಹುಡುಗಿಯರು ಅಣ್ಣೆಕಲ್ಲು ಆಡುತ್ತ, ಲಂಗದ ಮಡಿಲಲ್ಲಿ ತುಂಬಿಕೊಂಡ ಹಸಿ ಶೇಂಗಾ ಸುಲಿದು ತಿನ್ನುತ್ತ, ಊರಿನ ಆಗುಹೋಗುಗಳ ಮೇಲೆ ಕಣ್ಣಿಡುವ ಜವಾಬ್ದಾರಿಯನ್ನು ಹೊತ್ತಿದ್ದೆವು.

ಬಸ್ಸು ಬೇಕಾಗಿದ್ದದ್ದು ನೀಲಕ್ಕನಿಗೆ. ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ನಮ್ಮೂರಿನ ಶಾಲೆ ಏಳನೇ ಕ್ಲಾಸಿಗೆ ಮುಗಿದುಹೋಗುತ್ತಿತ್ತು. ಹೈಸ್ಕೂಲು ತೆಲಿಗಿಯಲ್ಲಿ. ಗಂಡುಹುಡುಗರು ಸೈಕಲ್ಲು ತುಳಿದುಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳು ಮಾತ್ರ ಏಳನೇ ಕ್ಲಾಸಿಗೇ ಸಕಲ ವಿದ್ಯೆಗಳಲ್ಲೂ ಪಾರಂಗತರಾಗಿ, ಉಳಿದ ಆಯುಷ್ಯವನ್ನು ಎಮ್ಮೆಯ ಹಿಂದೆ ಕಳೆಯಲು ಹೊರಡುತ್ತಿದ್ದರು. ಅಪ್ಪ ಕಲ್ಲುಮನಸ್ಸಿನವನಲ್ಲ. ಅವನಿಗಿದ್ದದ್ದು ದಾರಿಯ ಭಯ.

“ಆಳೆತ್ತರ ಜ್ವಾಳ ನಿಲ್ತೈತಿ. ಒಬ್ಬಾಕಿನ್ನ ಆ ದಾರ್ಯಾಗ ಹೆಂಗ್ ಕಳಸ್ಲಿ? ಬಸ್ ಬಂದ್ರ ಸಾಲಿ, ಇಲ್ಲಾಂದ್ರ ಮನಿ” ಎಂದಿದ್ದ.

ಅಕ್ಕನಿಗೆ ಆದ ತೀರ್ಪು ಮುಂದೆ ನನಗೂ ಆಗುವಂಥದ್ದೇ. ಹಾಗಾಗಿ ಈ ವ್ಯಾಜ್ಯದಲ್ಲಿ ನಾನೂ ಒಬ್ಬ ಕಕ್ಷಿದಾರಳಾಗಿದ್ದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಊರ ಗೌಡರು ಓಡಾಡಿ, ಅರ್ಜಿ ಕೊಟ್ಟು, ಅಂತೂ ಆ ಮುಂಗಾರಿನಲ್ಲಿ ಕೆಂಪು ಬಸ್ಸು ಊರೊಳಗೆ ಬಂತು. ಬೆಳಿಗ್ಗೆ ಎಂಟೂವರೆಗೆ ಬಂದು ತೆಲಿಗಿಗೆ ಹೋಗುವುದು, ಸಂಜೆ ಅಲ್ಲಿಂದ ಹೊರಟು ನಮ್ಮೂರನ್ನು ಹಾದು ಹರಪನಹಳ್ಳಿಗೆ ಮರಳುವುದು. ಡ್ರೈವರ್ ಖಾಸಿಂಸಾಬರು, ಹರಪನಹಳ್ಳಿಯವರು, ಎತ್ತರದ ತೆಳ್ಳನೆಯ ಮನುಷ್ಯ. ಕಂಡಕ್ಟರ್ ಕೊಟ್ರೇಶಪ್ಪ, ಕೊಟ್ಟೂರಿನ ಕಡೆಯವನು, ಯಾರು ಏನು ಕೊಟ್ಟರೂ ಬೇಡವೆನ್ನಲು ಬಾರದ ದುರ್ಬಲ ಹೃದಯದವನು.

ಮೊದಲ ದಿನ ಬಸ್ಸಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಇಬ್ಬರಿಗೂ ನಮ್ಮ ಮನೆಯಲ್ಲಿ ಚಹಾ ಕೊಟ್ಟರು. ಅನಾಹುತ ಶುರುವಾದದ್ದು ಅಲ್ಲಿಂದಲೇ. ಮನೆ ಬಾಗಿಲಿಗೆ ಬಂದವರನ್ನು ಒಣಬಾಯಲ್ಲಿ ಕಳಿಸುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ದಿನಾ ತಪ್ಪದೆ ಬರುವ ನೆಂಟರನ್ನು ಊರು ಅದುವರೆಗೆ ಕಂಡಿರಲೂ ಇಲ್ಲ. ಮರುದಿನ ಗೌಡರ ಮನೆಯವರು, “ನಿನ್ನಿ ಅವ್ರ ಮನ್ಯಾಗ ಕುಡಿದ್ರಿ, ನಾವೇನ್ ಪಾಪ ಮಾಡೀವಿ?” ಎಂದು ಅಡ್ಡಗಟ್ಟಿದರು. ಆಮೇಲೆ ಪಾಳಿ ಬಿತ್ತು. ಚಹಾದ ಜತೆಗೆ ಒಗ್ಗರಣೆ ಮಂಡಕ್ಕಿ ಬಂತು, ಮಂಡಕ್ಕಿ ಒಂಟಿಯಾಗುತ್ತದೆಂದು ಬಿಸಿ ಮೆಣಸಿನಕಾಯಿ ಬಜ್ಜಿ ಬಂತು, ಶೇಂಗಾ ಕೀಳುವ ಹೊತ್ತಿಗೆ ಕುದಿಸಿದ ಕಾಯಿಯ ಪುಟ್ಟಿ ಬಸ್ಸಿನೊಳಗೇ ಹತ್ತಿತು. ಕೂತ ಪ್ರಯಾಣಿಕರು ಮಾತ್ರ ಏನು ತಪ್ಪು ಮಾಡಿದ್ದರು? ಅವರಿಗೂ ಬಂತು. ಒಮ್ಮೆ ಹಿಂದಿನ ಗಾಲಿಯ ನೆರಳಲ್ಲಿ ಕೋಳಿಯೊಂದು ಮೊಟ್ಟೆಯಿಡಲು ಕೂತಿದ್ದರಿಂದ, ಅದು ಎದ್ದು ಹೋಗುವವರೆಗೆ ಖಾಸಿಂಸಾಬರು ಗಾಡಿ ಮುಂದಕ್ಕೆ ತೆಗೆಯಲಿಲ್ಲ. “ಬಾಳಂತನದಾಗ ಅವಸರ ಮಾಡಬಾರ್ದು” ಎಂದರು. ಕೋಳಿಯ ಮನೆಯವರು ಅವರಿಗೆ ಇನ್ನೊಂದು ಲೋಟ ಚಹಾ ಕೊಟ್ಟರು.

ಇತ್ತ ನೀಲಕ್ಕ ದಿನವೂ ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟಿ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಮನೆಯಲ್ಲಿ ಹೇಳುತ್ತಿರಲಿಲ್ಲ. ಹೇಳಿದರೆ ಇದ್ದ ಶಾಲೆಯೂ ಹೋದೀತೆಂಬ ಭಯ.

ಒಂದು ಶನಿವಾರ ಕೊಟ್ರೇಶಪ್ಪ ನಮ್ಮ ಪಡಸಾಲೆಯಲ್ಲಿ ಕೂತು ಸುದ್ದಿ ಹೇಳಿದ. ಬಾಯಿತುಂಬ ಮೆಣಸಿನಕಾಯಿ ಇದ್ದುದರಿಂದ ಅದು ದುಃಖದ ಸುದ್ದಿಯೆಂದು ನಮಗೆ ಕೂಡಲೇ ತಿಳಿಯಲಿಲ್ಲ.

“ಯಾರೋ ಡಿಪೋದಾಗ ಕಂಪ್ಲೇಂಟ್ ಕೊಟ್ಟಾರವ್ವ. ಇನ್ನೊಂದು ವಾರ ನೋಡ್ತಾರಂತ. ಟೈಮಿಗೆ ಬಿಡ್ಲಿಲ್ಲಾಂದ್ರ ಬಸ್ಸು ಊರಾಗ ಬರಾಂಗಿಲ್ಲ, ಕ್ರಾಸಿನಾಗ ಹಾದು ಹೋಗ್ತೈತಿ.”

“ಅದಕ್ಕ ಹೊಟ್ಟಿ ಮ್ಯಾಲ ಯಾಕ ಸಿಟ್ಟು? ಇನ್ನೊಂದು ಹಾಕ್ಕೋ” ಎಂದಳು ಅಜ್ಜಿ.

ಆ ಸಂಜೆ ಗೌಡರು ನಮ್ಮ ಮನೆಗೆ ಬಂದರು. ಅಪ್ಪ ತಲೆ ತಗ್ಗಿಸಿ, “ಬಸ್ ನಿಂತ್ರ ಸಾಲಿ ನಿಂತಂಗ, ಗೌಡ್ರ” ಎಂದ. ಒಳಗಿದ್ದ ನೀಲಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಹೊಸ್ತಿಲಲ್ಲಿ ಬಂದು ಕೂತು, ಇನ್ನೊಂದು ವಾರವಾದರೂ ತಾನು ವಿದ್ಯಾರ್ಥಿನಿಯೆಂದು ಎಲ್ಲರಿಗೂ ಕೇಳಿಸುವಂತೆ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದತೊಡಗಿದಳು. ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಪಾಠ ಅದು.

“ಏನಂತದು? ಕನ್ನಡದಾಗ ಹೇಳವ್ವ” ಎಂದರು ಗೌಡರು.

ಅಕ್ಕ ಒಂದೊಂದೇ ಸಾಲು ಬಿಡಿಸಿದಳು. ಕಲ್ಲಿನ ಮನೆಗಳು, ಗೋಡೆಗೆ ಹಬ್ಬಿದ ಹೂಬಳ್ಳಿ, ಕೊಳದಲ್ಲಿ ಬಿಳಿ ಬಾತುಕೋಳಿ, ಚರ್ಚಿನ ಗೋಪುರ, ಕಣ್ಣು ಹರಿಯುವಷ್ಟು ದೂರ ಹಸಿರು ಹೊಲ.

“ಹೊಲದಾಗ ಏನ್ ಬೆಳೀತಾರ?” ಅಪ್ಪ ತಲೆಯೆತ್ತಿದ.

“ಹುಲ್ಲು.”

“ಬರೀ ಹುಲ್ಲು? ಅದನ್ನ ಪುಸ್ತಕದಾಗ ಬರದಾರ?”

“ಕುರಿ ಮೇಯ್ತಾವಪ್ಪ.”

“ಕಾಯಾವ ಎಲ್ಲಿ ಅದಾನ?” ಗೌಡರು ಕೇಳಿದರು.

“ಯಾರೂ ಇಲ್ಲರಿ. ಸುತ್ತ ಬೇಲಿ ಐತಂತ.”

ಆ ಊರಿನ ಕುರಿಗಳ ಶಿಸ್ತಿಗೆ ಗೌಡರು ಬೆರಗಾದರು. ಅಜ್ಜಿಗೆ ಅನುಮಾನ ಬಂದಿತ್ತು. “ಕುಳ್ಳು ತಟ್ಟಿಲ್ಲ, ರಾಶಿ ಹಾಕಿಲ್ಲ, ಬೀದ್ಯಾಗ ಒಂದು ಕೂಸಿಲ್ಲ. ಯಾರರ ಸತ್ತಾರೇನು ಆ ಊರಾಗ?”

“ಇಲ್ಲಜ್ಜಿ, ಬಸ್ಸಿಗೆ ನಿಂತಾರ. ಎಂಟೂವರಿಗೆ ಬಸ್ ಬಂತು. ಎಲ್ಲಾರೂ ಸಾಲಾಗಿ ನಿಂತು ಡ್ರೈವರ್‌ಗ ಗುಡ್ ಮಾರ್ನಿಂಗ್ ಅಂದ್ರು. ಹತ್ತಿದ್ರು. ಬಸ್ ಹೊಂಟು ಹೋತು.”

“ಡ್ರೈವರ್‌ಗ ಏನ್ ಕೊಟ್ರು?”

“ಏನಿಲ್ಲ. ಗುಡ್ ಮಾರ್ನಿಂಗ್ ಅಂದ್ರು.”

“ಅದನ್ನ ತಿನ್ನಾಕ ಬರ್ತೈತೇನು?” ಎಂದಳು ಅಜ್ಜಿ.

ಆದರೆ ಗೌಡರು ಎದ್ದು ನಿಂತಿದ್ದರು. ರೋಗಕ್ಕೆ ಮದ್ದು ಸಿಕ್ಕಿದವರ ಮುಖ ಅದು. “ನೋಡ್ರಿ, ಇದ! ಅವ್ರು ಚಾ ಕೊಡಾಂಗಿಲ್ಲ, ಬಸ್ಸು ಲೇಟ್ ಆಗಾಂಗಿಲ್ಲ. ಸೋಮವಾರದಿಂದ ನಮ್ಮೂರು ಇಂಗ್ಲೆಂಡು.”

ಡಂಗುರ ಹೊಡೆಸುವುದೊಂದನ್ನು ಬಿಟ್ಟು ಎಲ್ಲವೂ ಆಯಿತು. ಬಸ್ಸು ಹೋಗುವವರೆಗೆ ಯಾರೂ ಒಲೆ ಹೊತ್ತಿಸಬಾರದು. ಡ್ರೈವರನ ಮಕ್ಕಳುಮರಿಗಳ ಕ್ಷೇಮ ಕೇಳಬಾರದು. ಸಾಲಾಗಿ ನಿಂತು ಒಂದೇ ಒಂದು ಮಾತು ಹೇಳಬೇಕು. ಭಾನುವಾರವಿಡೀ ಅಕ್ಕ ಕಟ್ಟೆಯ ಮೇಲೆ ನಿಂತು ಆ ಮಾತನ್ನು ಊರಿಗೆ ಕಲಿಸಿದಳು.

ಸೋಮವಾರ ಬಸ್ಸು ಬಂದಾಗ ಗೋಕಟ್ಟೆಯ ದಂಡೆಯುದ್ದಕ್ಕೂ ಊರು ಸಾಲಾಗಿ ನಿಂತಿತ್ತು. ಸಾಲಿನ ಮೊದಲಲ್ಲಿ ಎಲ್ಲಿಗೂ ಹೋಗಬೇಕಿಲ್ಲದ ಗೌಡರು. ಕೊನೆಯಲ್ಲಿ ಎಲ್ಲಿಗೂ ಹೋಗಬೇಕಿಲ್ಲದ ನಾವು. ಎಲ್ಲರೂ ಒಟ್ಟಿಗೆ “ಗುಡ್ ಮಾರ್ನಿಂಗ್ ರೀ” ಎಂದು ಕೂಗಿದ ರಭಸಕ್ಕೆ ಕೊಕ್ಕರೆಗಳು ಹಾರಿಹೋದವು. ಬಸ್ಸು ಹತ್ತಿದವಳು ನೀಲಕ್ಕ ಒಬ್ಬಳೇ. ಖಾಸಿಂಸಾಬರು ಕಿಟಕಿಯಿಂದ ಒಮ್ಮೆ ನಮ್ಮ ಮನೆಯ ಕಡೆ ನೋಡಿದರು. ಹೊಗೆ ಕಾಣಲಿಲ್ಲ. ಗಾಡಿ ಹೊರಟಿತು, ಹೊತ್ತಿಗೆ ಸರಿಯಾಗಿ.

ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ನೀಲಕ್ಕ ಮೊದಲ ಬಾರಿಗೆ ಪ್ರಾರ್ಥನೆಯಲ್ಲಿ ನಿಂತು ಬಂದಳು. ಸಂಜೆ ಬಂದವಳೇ ನನ್ನನ್ನು ಎತ್ತಿ ತಿರುಗಿಸಿದಳು. ಮನೆಯೊಳಗೆ ಮಾತ್ರ ಅಜ್ಜಿ, ಮಗಳನ್ನು ಗಂಡನ ಮನೆಗೆ ಕಳಿಸಿದವಳಂತೆ, ಕಿಟಕಿಯ ಸರಳು ಹಿಡಿದು ನಿಟ್ಟುಸಿರು ಬಿಡುತ್ತಿದ್ದಳು. “ಸಾಬ್ರ ಮಾರಿ ಸಣ್ಣ ಆಗೈತಿ” ಎಂದು ಮೂರು ದಿನವೂ ಹೇಳಿದಳು.

ಗುರುವಾರ ಖಾಸಿಂಸಾಬರು ಎಂಜಿನ್ ಆರಿಸಿದರು. ಊರಿಗೆ ಊರೇ ಗಾಬರಿಯಾಯಿತು. ಆ ಬಸ್ಸು ಒಮ್ಮೆ ಆರಿದರೆ ನಾಲ್ಕು ಮಂದಿ ತಳ್ಳದೆ ಮತ್ತೆ ಎಚ್ಚರವಾಗುತ್ತಿರಲಿಲ್ಲ. ಅವರು ಕೆಳಗಿಳಿದು, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಗೌಡರ ಮುಂದೆ ನಿಂತರು.

“ಗೌಡ್ರ, ನನ್ನಿಂದ ಏನ್ ತಪ್ಪಾಗೈತಿ, ಹೇಳ್ರಿ. ಮೂರು ದಿನಾತು ಊಟ ಸೇರವಲ್ದು. ಕೋಳಿ ಏನರ ಗಾಲಿಗೆ ಸಿಕ್ತೇನು?”

ಗೌಡರು ಇಂಗ್ಲೆಂಡಿನ ಮರ್ಯಾದೆ ಕಾಯ್ದುಕೊಂಡು, “ಗುಡ್ ಮಾರ್ನಿಂಗ್ ರೀ” ಎಂದಷ್ಟೇ ಹೇಳಿದರು. ಖಾಸಿಂಸಾಬರ ದನಿ ಇಳಿಯಿತು.

“ಇಲ್ಲಾ, ಸಾಬ ಕುಡದ ಲೋಟಾ ಅಂತ ಯಾರರ ಏನಾರ ಅಂದ್ರೇನ್ರಿ? ಅಂದಿದ್ರ ಹೇಳ್ರಿ. ಮನಿಯಿಂದ ನನ್ನ ಲೋಟಾ ನಾನ ತರ್ತೀನಿ.”

ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು. ನಮ್ಮಜ್ಜಿ ಮಡಿಹುಡಿಯ ವಿಷಯದಲ್ಲಿ ಕಟ್ಟುನಿಟ್ಟಿನ ಹೆಂಗಸು. ಆದರೆ ಖಾಸಿಂಸಾಬರ ವಿಷಯವನ್ನು ಮೊದಲ ದಿನವೇ ತನ್ನದೇ ಒಂದು ಕಾನೂನಿನಡಿ ಇತ್ಯರ್ಥ ಮಾಡಿಬಿಟ್ಟಿದ್ದಳು. ಈಗ ಬಾಗಿಲು ದೂಡಿಕೊಂಡು ಹೊರಬಂದಳು.

“ಯಾವನವ ಹಂಗಂದಾವ? ಹೆಸರು ಹೇಳ್ರಿ, ಅವನ ಮನಿ ಮುಂದ ಹೋಗಿ ಕೂಡ್ತೀನಿ! ಗೌಡಾ, ನಿನ್ನ ಇಂಗ್ಲೆಂಡಿಗೆ ಬೆಂಕಿ ಹಾಕ. ಮನಿಗೆ ಬರೋ ಮನಿಶಾನ ಕಣ್ಣಾಗ ನೀರು ತರಸಿದ್ಯಲ್ಲ!”

ಆಗ ಬಸ್ಸಿನ ಮೆಟ್ಟಿಲ ಮೇಲಿದ್ದ ನೀಲಕ್ಕ ಇಳಿದು ಬಂದಳು. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

“ನಿಮ್ದೇನೂ ತಪ್ಪಿಲ್ರಿ ಸಾಬ್ರ. ಬಸ್ ಲೇಟ್ ಆದ್ರ ಊರಾಗ ಬರಾಂಗಿಲ್ಲಂತ. ಬಸ್ ಬರ್ಲಿಲ್ಲಾಂದ್ರ ಅಪ್ಪ ನನ್ನ ಸಾಲಿ ಬಿಡಸ್ತಾನ. ನನ್ನ ಸಲುವಾಗಿ ಎಲ್ಲಾರೂ ಬಾಯಿ ಕಟ್ಕೊಂಡಾರ.”

ಖಾಸಿಂಸಾಬರು ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ನಗತೊಡಗಿದರು. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕರು.

“ಇಷ್ಟಕ್ಕ ಇಂಗ್ಲೆಂಡ್ ಯಾಕ್ರಿ ಬೇಕು? ವಸ್ತಿ ಬಸ್ ಕೇಳ್ರಿ! ಸಂಜಿಗೆ ಈ ಹುಡುಗೀನ್ನ ತೆಲಿಗಿಯಿಂದ ಕರ್ಕೊಂಡು ಬಂದು ಇಲ್ಲೇ ನಿಲ್ಲಸ್ತೀವಿ. ರಾತ್ರಿ ಪೂರಾ ನಿಮ್ಮ ಕೈಯಾಗ ಅದೀವಿ, ಎಷ್ಟರ ತಿನಸ್ರಿ. ಮುಂಜಾನಿ ಎಂಟೂವರಿಗೆ ಮಾತ್ರ ನಮ್ಮನ್ನ ಬಿಟ್ಟುಬಿಡ್ರಿ.”

ಬರಬೇಕಾದ ಬಸ್ಸು ತಡವಾಗಬಹುದು. ಊರಲ್ಲೇ ಮಲಗಿದ ಬಸ್ಸು ಹೇಗೆ ತಡವಾದೀತು? ಇಷ್ಟು ಸರಳವಾದದ್ದು ನಮ್ಮ ಯಾವ ಹಿರಿಯರಿಗೂ ಹೊಳೆದಿರಲಿಲ್ಲ. ಅಂದು ಅಜ್ಜಿ ಕಾಸಿ ಕೊಟ್ಟ ಹಾಲನ್ನು ಖಾಸಿಂಸಾಬರು ಕುಡಿದು ಮುಗಿಸುವಷ್ಟರಲ್ಲಿ ಒಂಬತ್ತು ದಾಟಿತ್ತು. ಬಸ್ಸನ್ನು ತಳ್ಳಲು ಮೊದಲು ಹೆಗಲು ಕೊಟ್ಟವನು ಅಪ್ಪ. ಗಾಡಿ ಉಸಿರು ಹಿಡಿದು ಜೋಳದ ನಡುವೆ ಮರೆಯಾದ ಮೇಲೂ ಅವನು ದಾರಿಯಲ್ಲೇ ನಿಂತಿದ್ದ. ಆಮೇಲೆ ತಿರುಗಿ, “ನಡೀರಿ ಗೌಡ್ರ, ಹರಪನಹಳ್ಳಿಗೆ” ಎಂದ.

ಅಲ್ಲಿಯ ಡಿಪೋದ ಸಾಹೇಬರು ಕೇಳಿದ್ದನ್ನು ಗೌಡರು ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. “ವಸ್ತಿ ಹಾಕಬಹುದು. ಆದ್ರ ನಮ್ಮ ಸಿಬ್ಬಂದಿಗೆ ಮಲಗಾಕ ಜಾಗ ಬೇಕು. ಊಟದ ವ್ಯವಸ್ಥಾ ಆಗ್ತೈತೇನ್ರಿ ನಿಮ್ಮೂರಾಗ?” ಎಂದರಂತೆ. ಅಪ್ಪ ಕೈಮುಗಿದು, “ಅದ ಜಾಸ್ತಿ ಆಗೇ ಇಲ್ಲಿಗೆ ಬಂದೀವ್ರಿ ಸಾಹೇಬ್ರ” ಎಂದನಂತೆ.

ಡಿಪೋದವರು ಅಲ್ಲಿಯವರೆಗೆ ಬೆಳಗಿನ ಬಸ್ಸನ್ನು ನಿಲ್ಲಿಸಲಿಲ್ಲ, ದೀಪಾವಳಿಯ ಹೊತ್ತಿಗೆ ವಸ್ತಿ ಬಸ್ಸೇ ಬಂತು. ಗೌಡರ ಶೇಂಗಾ ತುಂಬುವ ಕೋಣೆ ಖಾಲಿಯಾಗಿ, ಸುಣ್ಣ ಕಂಡು, ಎರಡು ಕೌದಿ ಹಾಸಿಕೊಂಡು ಕಾದಿತ್ತು. ಖಾಸಿಂಸಾಬರು ಕಟ್ಟೆಯ ಮೇಲೆ ರೊಟ್ಟಿ, ಗುರೆಳ್ಳು ಚಟ್ನಿ ತಿನ್ನುತ್ತ ತಾವು ಓಡಿಸಿದ ದಾರಿಗಳ ಕಥೆ ಹೇಳುತ್ತಿದ್ದರು. ಕೊಟ್ರೇಶಪ್ಪ ನಮಗೆ ಮಗ್ಗಿ ಕೇಳುತ್ತ, ತಾನೇ ತಪ್ಪು ಹೇಳುತ್ತಿದ್ದ. ನೀಲಕ್ಕ ತಡವಾದದ್ದು ಮತ್ತೆ ನನಗೆ ನೆನಪಿಲ್ಲ. ಹತ್ತನೇ ಕ್ಲಾಸು ಪಾಸಾದಳು, ಮುಂದೆ ಓದಿದಳು, ಈಗ ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ಹಿಂದೆ ನಾನು ಹತ್ತಿದೆ. ಅಷ್ಟರಲ್ಲಿ ಗೌಡರ ಮೊಮ್ಮಗಳೂ ಹತ್ತಿದ್ದಳು.

ಮೊನ್ನೆ ಊರಿಗೆ ಹೋಗಿದ್ದೆ. ಜೋಳದ ಜಾಗದಲ್ಲೆಲ್ಲ ಮೆಕ್ಕೆಜೋಳ ನಿಂತಿದೆ. ಅಜ್ಜಿ ಇಲ್ಲ, ಗೌಡರಿಲ್ಲ, ಖಾಸಿಂಸಾಬರೂ ಹೋಗಿ ಬಹಳ ವರ್ಷಗಳಾದವು. ವಸ್ತಿ ಬಸ್ಸೂ ನಿಂತುಹೋಗಿದೆ. ಬೆಳಿಗ್ಗೆ ಬಂದ ಬಸ್ಸಿನಿಂದ ಡ್ರೈವರ್ ಇಳಿಯಲೇ ಇಲ್ಲ. ಅವನ ಹೆಸರೇನೆಂದು ಕಟ್ಟೆಯ ಮೇಲಿದ್ದವರನ್ನು ಕೇಳಿದೆ.

“ಯಾರಿಗೊತ್ತವ್ವ? ದಿನಾ ಒಬ್ಬೊಬ್ಬ ಬರ್ತಾನ” ಎಂದರು.

ಯಾರಿಗೂ ಚಹಾ ಕೊಡಲು ಪುರುಸೊತ್ತಿಲ್ಲ, ಕುಡಿಯಲು ಅವನಿಗೂ ಇಲ್ಲ. ಹೋದದ್ದು ಏನೆಂದು ಅಲ್ಲಿ ನಿಂತು ಲೆಕ್ಕ ಹಾಕಿದೆ. ಸಣ್ಣ ಲೆಕ್ಕವಲ್ಲ ಅದು. ಒಂದು ಊರು, ದಾರಿಹೋಕನೊಬ್ಬನ ಮುಖ ಬಾಡಿದ್ದಕ್ಕೆ ಮೂರು ದಿನ ನೊಂದುಕೊಳ್ಳುವಷ್ಟು ಬಿಡುವು ಇಟ್ಟುಕೊಂಡಿತ್ತು. ಆ ಬಿಡುವು ಈಗ ಯಾವ ಸಂತೆಯಲ್ಲೂ ಸಿಗುವುದಿಲ್ಲ.

ಅಷ್ಟರಲ್ಲಿ ಹುಡುಗಿಯರು ಓಡಿ ಬಂದರು. ನೀಲಿ ಯೂನಿಫಾರ್ಮಿನವರು, ಕಾಲೇಜಿನ ಚೂಡಿದಾರದವರು, ಜಡೆ ಅರ್ಧ ಹಾಕಿಕೊಂಡವರು, ಬಾಯಲ್ಲಿ ಇನ್ನೂ ರೊಟ್ಟಿ ಇದ್ದವರು. ನನ್ನನ್ನು ಒತ್ತರಿಸಿಕೊಂಡು ಹತ್ತಿದರು. ನಾನು ಹತ್ತುವಷ್ಟರಲ್ಲಿ ಒಂದು ಸೀಟೂ ಉಳಿದಿರಲಿಲ್ಲ. ಕಂಬಿ ಹಿಡಿದು ನಿಂತವಳನ್ನು ಕಂಡು ಒಬ್ಬಳು ಮರ್ಯಾದೆಗೆ, “ಆಂಟಿ, ಕೂಡ್ತೀರೇನ್ರಿ?” ಎಂದು ಕೇಳಿದಳು. ಕೇಳುತ್ತ ಬ್ಯಾಗನ್ನು ಇನ್ನಷ್ಟು ಗಟ್ಟಿಯಾಗಿ ತೊಡೆಯ ಮೇಲೆ ಒತ್ತಿಕೊಂಡಳು.

“ಬ್ಯಾಡವ್ವ, ನೀ ಕೂಡು” ಎಂದೆ.

ತೆಲಿಗಿಯವರೆಗೂ ನಿಂತೇ ಹೋದೆ. ಕಾಲು ನೋಯಿತು, ಪಕ್ಕದವಳ ಜಡೆ ಎರಡು ಸಲ ಮುಖಕ್ಕೆ ಬಡಿಯಿತು. ಯಾರ ಮೇಲೂ ದೂರು ಕೊಡಬೇಕೆನ್ನಿಸಲಿಲ್ಲ.